ನಾಲ್ಕನೆಯ ಚೌಕ

ಲಾಂಗ್‌ಟನ್ನಿನ ಈ ಬೀದಿಗೆ ಗುರುವಾರ ಕಸದ ಗಾಡಿ.
ಸಾಲು ಡಬ್ಬಗಳ ಸಂದಿಯಲ್ಲಿ ನುಸುಳಿ
ಕದ ತಟ್ಟುತ್ತೇನೆ. ಕೊರಳಲ್ಲಿ ನನ್ನ ಚಿತ್ರ, ಹೆಸರು: ವಿನಿಫ್ರೆಡ್ ಹಲ್ಮ್.
ಕೈಯಲ್ಲಿ ಟ್ಯಾಬ್ಲೆಟ್ಟು, ಅದರೊಳಗೆ ಹನ್ನೊಂದು ಪ್ರಶ್ನೆ.
ಹತ್ತು, ಬಿಸ್ಕತ್ತು ಬ್ಯಾಂಕುಗಳ ಮೇಲೆ.
ಹನ್ನೊಂದನೆಯದು ಐರ್ಲೆಂಡ್.

ಉತ್ತರದ ಆ ತುಂಡು ನಮ್ಮೊಡನೆಯೇ ಇರಬೇಕೆ,
ದಕ್ಷಿಣದ ಜೊತೆ ಕೂಡಬೇಕೆ,
ಗೊತ್ತಿಲ್ಲವೆ,
ಅಥವಾ, ನಾಲ್ಕನೆಯ ಚೌಕ,
ಹೇಗಾದರೂ ಸರಿಯೆ?

ಈನಿಡ್ ಕ್ಲೂಲೋಗೆ ಎಂಬತ್ತೊಂದು.
‘ಅಲ್ಲಿಗೆ ನಮ್ಮ ದುಡ್ಡು ಎಷ್ಟು ಹೋಗುತ್ತಮ್ಮಾ?
ಉಳಿದರೆ ಈ ಸೊಂಟದ ಆಪರೇಷನ್ ಬೇಗ ಮಾಡ್ತಾರಾ?’
ಗೊತ್ತಿಲ್ಲ ಅಂದೆ.
‘ಹಾಗಾದ್ರೆ ನನಗೂ ಏನಾದ್ರೇನು.’
ಒತ್ತಿದೆ, ನಾಲ್ಕು.

ನಾಯಿ ಹಿಡಿದ ಹುಡುಗ ಹಗ್ಗ ಜಗ್ಗುತ್ತಲೇ ಹೇಳಿದ:
‘ಅದು ಈಗಾಗಲೇ ಒಂದೇ ಅಲ್ವಾ?
ರಗ್ಬಿಗೆ ಒಂದು. ಓ, ಫುಟ್‌ಬಾಲಿಗೆ ಎರಡು.
ಸರಿ, ಅವರವರೇ ನೋಡ್ಕೊಳ್ಳಲಿ.’
ನಾಲ್ಕು.

ಹೊಸ ಅಡುಗೆಮನೆ ಕೂಡಿಸುತ್ತಿದ್ದ ಟ್ರೆಫರ್ ಮಾತ್ರ
ಸ್ಕ್ರೂಡ್ರೈವರ್ ಕೆಳಗಿಟ್ಟು ಯೋಚಿಸಿದ:
‘ಸ್ಕಾಟ್ಲೆಂಡ್ ಹೋದರೆ ಕಾಲು ಹೋದ ಹಾಗೆ.
ಇದು ಹೋದರೆ, ದವಡೆಯ ಹಲ್ಲು.
ನಾಲಿಗೆ ಎರಡು ದಿನ ಹುಡುಕುತ್ತೆ, ಆಮೇಲೆ
ಆ ಜಾಗಕ್ಕೇ ಒಗ್ಗಿಬಿಡುತ್ತೆ.’
ಹೇಳಿದ ಚಂದಕ್ಕೆ ತಾನೇ ನಕ್ಕ.

ಹದಿನೇಳನೆಯ ಮನೆಯಲ್ಲಿ ನಗುವಿರಲಿಲ್ಲ.
ಸಿರಿಲ್ ಮಾಟರ್ಸ್‌ಹೆಡ್, ಚಹಾ ಬಟ್ಟಲನ್ನು
ಎರಡೂ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದವನು,
ನಾಲ್ಕೂ ಸಾಲು ಕೇಳಿ ನಾಲ್ಕನ್ನೂ ತಳ್ಳಿದ:
‘ಹತ್ತೊಂಬತ್ತು ನನಗಾಗ. ಬಂದೂಕು ಹಿಡಿದು
ಅರ್ಮಾದ ಒಂದು ಕಲ್ಲುಗೋಡೆಯ ಹಿಂದೆ ಐದು ತಿಂಗಳು.
ಒಂದು ಕೆಂಪು ಹಸು, ಬೆಳಿಗ್ಗೆ ಗಡಿಯ ಈಚೆ ಮೇಯೋದು,
ಮಧ್ಯಾಹ್ನ ಆಚೆ, ಕತ್ತಲಾದರೆ ಈಚೆ.
ಅದನ್ನ ನೋಡಿ ಟಿಚ್ ದಿನಾ ಸಲ್ಯೂಟ್ ಹೊಡೀತಿದ್ದ.
ಹಸು ಬದುಕಿತು ಅಂತಿಟ್ಕೋ.’
ಬಟ್ಟಲಲ್ಲಿ ಚಹಾ ಅಲುಗಿತು.
‘ಏನು ಬರ್ಕೊಂಡೆ?’
ಏನೂ ಇಲ್ಲ ಅಂದೆ. ‘ಹಾಗೇ ಇರಲಿ.’
ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗುವುದಿಲ್ಲ.
ಗೇಟು ದಾಟಿದ ಮೇಲೆ ಮೂರು ಒತ್ತಿದೆ: ಗೊತ್ತಿಲ್ಲ.
ಇಡೀ ಬೀದಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಇಪ್ಪತ್ತೆಂಟು. ಅಸಂಪ್ಟಾ ಪ್ಲಾಂಟ್.
ಗಂಡನ ಹೆಸರು ಈ ಊರಿನದು, ನಾಲಿಗೆ ಸ್ಟ್ರಬೇನಿನದು;
ನಲವತ್ತು ವರ್ಷ ಇಲ್ಲಿಯ ಕಾರ್ಖಾನೆಯಲ್ಲಿ
ತಟ್ಟೆಯ ಅಂಚಿಗೆ ಚಿನ್ನದ ಗೆರೆ ಎಳೆದವಳು,
ಕೈ ನಡುಗದೆ, ಉಸಿರು ಹಿಡಿದು.
ಒಳಗೆ ಕರೆದು ಕೂರಿಸಿದಳು. ಬಿಸ್ಕತ್ತಿನ ಪ್ರಶ್ನೆಗೆ
ಬಿಸ್ಕತ್ತನ್ನೇ ತಂದಿಟ್ಟಳು.
ಹನ್ನೊಂದಕ್ಕೆ ಬಂದಾಗ ಕನ್ನಡಕ ತೆಗೆದಳು.

‘ಇಲ್ಲಿಯವಳಾಗಿ ಹೇಳಲೋ, ಅಲ್ಲಿಯವಳಾಗಿ ಹೇಳಲೋ?’

ಅದಕ್ಕೆ ಚೌಕವಿಲ್ಲ.
ಬೇಕಾದ್ದು ಹೇಳಿ ಅಂದೆ. ಹೇಳಲಿಲ್ಲ. ಬದಲಿಗೆ
ನನ್ನನ್ನೇ ಕೇಳಿದಳು: ‘ಈ ಬೀದಿಯವರು ಏನಂದರು?
ಬೇಡ ಅಂದರೆ ಬೇಜಾರಿಲ್ಲ, ಹೇಳು.
ತೊಲಗಲಿ ಅಂದರೂ ಸರಿ.
ಬೈಗುಳ ನನಗೆ ಅಭ್ಯಾಸವಿದೆ,
ಬರ್ಮಿಂಗ್‌ಹ್ಯಾಮಿನಲ್ಲಿ ಬಾಂಬು ಬಿದ್ದ ವಾರ
ಬಸ್ಸಿನಲ್ಲಿ ಬಾಯಿ ಬಿಡದೆ ಬಂದವಳು ನಾನು.’

ಇನ್ನೊಬ್ಬರ ಉತ್ತರ ಹೇಳಬಾರದೆಂಬುದು ನಿಯಮ.
ಅದನ್ನೇ ಹೇಳಬಹುದಿತ್ತು.
ಕೆಲಸ ಸಿಕ್ಕ ದಿನ ಅಭ್ಯಾಸಕ್ಕೆಂದು
ನನ್ನನ್ನೇ ನಾನು ಕೇಳಿಕೊಂಡಿದ್ದೆ;
ಕೆಟಲ್ ಕುದಿಯುವ ಮೊದಲೇ ಒತ್ತಿದ್ದೆ, ನಾಲ್ಕು.

‘ತುಂಬಾ ಯೋಚಿಸಿದರು,’ ಅಂದೆ.

‘ಯೋಚಿಸಿದರಾ!’
ಅವಳ ಮುಖದಲ್ಲಿ ಎಳೆಯಾಗಿ ಏನೋ ಒಂದು
ಅಂಚಿನ ಸುತ್ತ ಹರಿದು ಬಂದು ಕೂಡಿತು.
‘ಹಾಗಾದರೆ ನನಗೂ ಒಂದು ವಾರ ಕೊಡು.’

ಹೊರಗೆ ಗಾಡಿ ಬಂದು ಹೋಗಿತ್ತು. ಖಾಲಿ ಡಬ್ಬಗಳು
ಯಾರದು ಯಾರದೋ, ಅಡ್ಡಾದಿಡ್ಡಿ.
ಬ್ಯಾಟರಿ ಇನ್ನೂ ಸ್ವಲ್ಪ ಇತ್ತು.
ಮೂವತ್ತರ ಕದ ತಟ್ಟಿದೆ,
ಬಿಸ್ಕತ್ತಿನಿಂದ ಶುರುಮಾಡಿದೆ.