ಒಂದೇ ಕೀಲಿ

ಅವನಿಗೆ ಶತ್ರುವಾಗುವುದು ನನ್ನ ನೌಕರಿ.
ಬರುವ ವಾರ ಅವನು ಯಾರೊಡನೆ ಸೆಣಸಬೇಕೋ
ಅವರಂತೆ ನಾನು ಆಡಬೇಕು. ಅವರ ಚಾಳಿ, ಅವರ ಆತುರ,
ಸೋಲುವ ಮುನ್ನ ಅವರು ತಡಬಡಾಯಿಸುವ ರೀತಿ ಸಮೇತ.
ಸಿಯೋಲಿನ ಸಿಂದೋರಿಮ್‌ನಲ್ಲಿ ಹತ್ತು ಹುಡುಗರಿಗೆ ಎರಡು ಕೋಣೆ.
ಮೇಲಿನ ಮಂಚ ಅವನದು, ಕೆಳಗಿನದು ನನ್ನದು.
ನಿದ್ದೆಯಲ್ಲೂ ಹಲಗೆಯ ಮೇಲೆ ಅವನ ಎಡಗೈ
ಟಕ ಟಕ, ಟಕ ಟಕ.

ತಾಕ್ ಗ್ಯುಸೊಕ್. ಅಭಿಮಾನಿಗಳು ಇಟ್ಟ ಹೆಸರು ಮರಕುಟಿಗ.
ನಿಮಿಷಕ್ಕೆ ನಾನ್ನೂರು ಹೊಡೆತ ಅಂತ ಟೀವಿಯವರು ಎಣಿಸಿದ್ದರು.
ಅಡುಗೆಯ ಹೆಂಗಸು ನಂಬಲಿಲ್ಲ:
ಅಷ್ಟು ಕೈಚಳಕದವನು ಒಂದು ಬುಟ್ಟಿ ಬೆಳ್ಳುಳ್ಳಿ ಸುಲಿದುಕೊಡಲಿ, ನೋಡೋಣ.
ಸುಲಿದ.
ಅರ್ಧ ಬುಟ್ಟಿಗೇ ಕೂತಲ್ಲಿ ನಿದ್ದೆಹೋದ.
ಆಗ ಅವನಿಗೆ ಹತ್ತೊಂಬತ್ತು.

ದೇಗುವಿನಲ್ಲಿ ಫೈನಲ್. ಎರಡೆರಡು ಸಮ, ಐದನೆಯ ಆಟ.
ಮಣಿಕಟ್ಟಿಗೆ ಮೆತ್ತಿದ ಮುಲಾಮಿನ ಘಾಟು
ಗಾಜಿನ ಗೂಡು ದಾಟಿ ನನ್ನ ತನಕ.
ಸೋತವನೇ ಸೋತೆ ಅನ್ನಬೇಕು, ಅದು ನಮ್ಮ ಮರ್ಯಾದೆ:
ಇಂಗ್ಲಿಷಿನ ಎರಡು 'ಜಿ', ಒಳ್ಳೆಯ ಆಟ ಎಂದರ್ಥ.
ಒತ್ತಿದ.
ಕೀಲಿಮಣೆ ಕೊರಿಯನ್ನಿಗೆ ಹೊರಳಿತ್ತು, ಯಾವ ಬೆರಳು ತಾಗಿತ್ತೋ.
'ಜಿ' ಇರುವ ಕೀಲಿಯಲ್ಲೇ ಕೂತಿರುವುದು ನಮ್ಮ 'ಹ'.
ಎಂಟು ಸಾವಿರ ಜನರ ಎದುರು, ಮನೆಯಷ್ಟು ಎತ್ತರದ ತೆರೆಯ ಮೇಲೆ
ಹ ಹ.

ಎದುರಿನ ಹುಡುಗ ಬೆಚ್ಚಿದ.
ನಗುತ್ತಿದ್ದಾನೆ ಅಂದರೆ ಎಲ್ಲೋ ಏನೋ ಬಚ್ಚಿಟ್ಟಿದ್ದಾನೆ!
ಬಾಗಿಲು ಮುರಿದು ಒಳನುಗ್ಗಿದ್ದ ಸೇನೆಯನ್ನು
ಹಿಂದಕ್ಕೆ ಕರೆದ.
ಎಂಟು ಸೆಕೆಂಡು ಬಯಲು ಖಾಲಿ.
ಎಂಟು ಸೆಕೆಂಡಿನಲ್ಲಿ ಗ್ಯುಸೊಕ್ ಏನೇನು ಮಾಡಬಲ್ಲ ಅಂತ
ಸಾವಿರ ಸಲ ಅವನ ಕೈಲಿ ಸತ್ತ ನನಗೆ ಗೊತ್ತು.
ಉಗುರು ಕಚ್ಚುತ್ತ ನಿಂತಿದ್ದೆ.
ಅವನು ಭಾಷೆ ಬದಲಿಸಿದ,
ಸರಿಯಾಗಿ ಎರಡು 'ಜಿ' ಒತ್ತಿದ,
ಕಿವಿಯ ಮೇಲಿನದನ್ನು ತೆಗೆದಿಟ್ಟ.

ಸಭ್ಯ ಅಂದರು ಕೆಲವರು, ಪೆದ್ದ ಅಂದರು ಕೆಲವರು.
ಜಾಹೀರಾತಿನ ನೂಡಲ್ಸಿನವರು ಏನೂ ಅನ್ನದೆ ಬಿಟ್ಟುಹೋದರು.
ಆಮೇಲೆ ಮಣಿಕಟ್ಟಿಗೆ ಕತ್ತರಿ, ಆಮೇಲೆ ಎರಡು ವರ್ಷ ಸೈನ್ಯ,
ಅಲ್ಲಿ ಅವನಿಗೆ ಕೊಟ್ಟದ್ದು ಹಿಮ ಗೋರುವ ಸಲಿಕೆ.
ಮರಳಿ ಬಂದಾಗ ಲೀಗಿಗೇ ಬೀಗ.

ಈಗ ಮೊಕ್ಪೊ. ಬಂದರಿನ ಹಿಂದೆ ವೃದ್ಧರ ಕಲ್ಯಾಣ ಕೇಂದ್ರ, ಎರಡನೇ ಮಹಡಿ,
ಮಂಗಳವಾರ ಮತ್ತು ಗುರುವಾರ ಕಂಪ್ಯೂಟರ್ ಪಾಠ.
ಹನ್ನೊಂದು ಅಜ್ಜಿಯರು, ಕಿವಿ ಕೇಳದ ಒಬ್ಬ ದೋಣಿಯ ತಾತ.
ಓಕ್‌ಬುನ್ ಅಜ್ಜಿಗೆ ಎಂಬತ್ತೊಂದು.
ಅರವತ್ತು ವರ್ಷ ಸಿಂಪಿ ಬಿಡಿಸಿದ ಬೆರಳು ಇಲಿಯ ಮೇಲೆ ಜಾರುತ್ತದೆ,
ಒಂದು ಕ್ಲಿಕ್ಕಿಗೂ ಇನ್ನೊಂದು ಕ್ಲಿಕ್ಕಿಗೂ ನಡುವೆ
ಒಂದು ಹಡಗು ಹಾದುಹೋಗಬಹುದು.
ನಿಧಾನ, ಅಜ್ಜಿ, ಇನ್ನೂ ನಿಧಾನ, ಅನ್ನುತ್ತಾನೆ.
ಮರಕುಟಿಗ!

ಗ್ವಾಂಗ್‌ಜುವಿನ ಮೊಮ್ಮಗಳಿಗೆ ಮೊದಲ ಓಲೆ.
ಊಟ ಆಯಿತಾ ಅಂತ ಕೇಳಬೇಕಿತ್ತು,
ಅಷ್ಟೊಂದು ಅಕ್ಷರ ಹುಡುಕಲಾರದೆ
ಮಧ್ಯದಲ್ಲಿದ್ದ ಒಂದನ್ನೇ ಎರಡು ಸಲ ಒತ್ತಿದರು.
ಹ ಹ.
ಮುಟ್ಟಿತಾ ಮಾಸ್ತರೇ?
ಮುಟ್ಟಿತು, ಅಂದ.

ಕೊನೆಯ ಬೆಂಚಿನಲ್ಲಿದ್ದ ನನ್ನ ಕಡೆಗೆ ತಿರುಗದೆಯೇ ಕೇಳಿದ,
ಹನ್ನೆರಡು ವರ್ಷಕ್ಕೆ ಮೊದಲ ಸಲ:
ಅವತ್ತು ಎದುರಿಗೆ ನೀನಿದ್ದಿದ್ದರೆ
ಸೇನೆ ಹಿಂದಕ್ಕೆ ಕರೆಯುತ್ತಿದ್ದೆಯಾ?
ಇಲ್ಲ, ಅಂದೆ. ಆಡುವಾಗ ನೀನು ನಗುವವನಲ್ಲ.

ಅವನು ಏನೋ ಹೇಳುವುದರಲ್ಲಿದ್ದ.
ಅಷ್ಟರಲ್ಲಿ ಓಕ್‌ಬುನ್ ಅಜ್ಜಿ ಮತ್ತೆ ಒತ್ತಿ
ಬೆರಳು ಎತ್ತುವುದನ್ನೇ ಮರೆತರು.
ಹಹಹಹಹಹಹಹಹಹಹಹಹ
ಸಾಲು ತುಂಬಿ ಕೆಳಗಿನ ಸಾಲಿಗೆ ಇಳಿಯಿತು, ಅಲ್ಲಿಂದ ಮತ್ತೂ ಕೆಳಗೆ.
ಅಳಿಸುವುದು ಮುಂದಿನ ವಾರದ ಪಾಠ.