ನಡುವಿನ ಹಲಗೆ

ಜೂನ್ ಬಂದರೆ ಸೈಮಾ ಸರೋವರದ ದಂಡೆಗೆ
ಕತ್ತಲು ಇಳಿಯುವುದೇ ಇಲ್ಲ.
ರಾತ್ರಿ ಹನ್ನೊಂದಕ್ಕೂ ಇರ್ಯಾ ಮಂಡಿಯೂರಿ
ಡೆಕ್ಕಿನ ಹಲಗೆಗಳನ್ನು ಒಂದೊಂದಾಗಿ ತಟ್ಟುತ್ತಾಳೆ
ಸ್ಕ್ರೂಡ್ರೈವರಿನ ಹಿಡಿಯಿಂದ,
ಡಾಕ್ಟರು ಬೆನ್ನು ತಟ್ಟಿ ಕಿವಿಗೊಡುವ ಹಾಗೆ.
ಗಟ್ಟಿಯಾದದ್ದು ಟಣ್ ಎನ್ನುತ್ತದೆ.
ಕುಂಬಾದದ್ದು ಏನೂ ಅನ್ನುವುದಿಲ್ಲ.

ಅವ್ವ ಹಾಕಿಸಿದ ಡೆಕ್ಕು. ಮೂವತ್ತೊಂದು ಹಲಗೆ.
ಹದಿನೈದು ಇರ್ಯಾಳದು, ಹದಿನೈದು ತಂಗಿ ಲಾಹ್ಯಾಳದು.
ಪಾಲು ಮಾಡಿಕೊಟ್ಟ ವಕೀಲನಿಗೆ ಭಾಗಾಕಾರ ಬರುತ್ತಿತ್ತು,
ಶೇಷಕ್ಕೊಂದು ಹೆಸರು ಬರೆಯಬೇಕೆಂದು ಹೊಳೆಯಲಿಲ್ಲ.

ಅಕ್ಕ ಬೇಸಿಗೆ ಬೇಸಿಗೆಗೂ ಪೈನ್ ಮರದ ಟಾರು ಬಳಿಯುತ್ತಾಳೆ,
ವಾರವಿಡೀ ಹೊಗೆಗಿಟ್ಟ ಮೀನಿನ ವಾಸನೆ.
ತಂಗಿಯದು ಅಂಗಡಿ ಎಣ್ಣೆ;
ಡಬ್ಬಿಯ ಮೇಲೆ ತೇಗದ ಬಣ್ಣ ಎಂದಿದೆ,
ಈ ದಂಡೆಯಲ್ಲಿ ತೇಗ ಕಂಡವರು ಯಾರೂ ಇಲ್ಲ.
ಒಬ್ಬಳ ಕುಂಚ ಹದಿನೈದಕ್ಕೆ ನಿಲ್ಲುತ್ತದೆ,
ಇನ್ನೊಬ್ಬಳದು ಹದಿನೇಳರಿಂದ ಹೊರಡುತ್ತದೆ.
ನಡುವಿನದು ಏಳು ವರ್ಷದಿಂದ ಏನೂ ಕುಡಿದಿಲ್ಲ
ಮಳೆಯನ್ನು ಬಿಟ್ಟು.

(ಜಗಳ ಯಾಕೆಂದು ಕೇಳಿದರೆ ದೋಣಿಯ ಎಂಜಿನ್ ಅನ್ನುತ್ತಾರೆ ಕೆಲವರು.
ಎಂಜಿನ್ ಮಾರಿ ನಾಲ್ಕು ವರ್ಷವಾಯಿತು.)

ಇಲ್ಲಿ ಗೆದ್ದಲಿಲ್ಲ. ನೀರೇ ಗೆದ್ದಲು.
ಸ್ಕ್ರೂವಿನ ತಲೆಯ ಸುತ್ತ ಒಂದು ಹನಿ ಕೂರುತ್ತದೆ,
ಜನವರಿ ಅದನ್ನು ಉಬ್ಬಿಸುತ್ತದೆ,
ಏಪ್ರಿಲ್ ಒಂದು ಬೆರಳು ಒಳಗೆ ಇಳಿಸುತ್ತದೆ.
ಸಂದಿಯಲ್ಲಿ ಬರ್ಚ್ ಎಲೆ ಕೊಳೆತು ಮಣ್ಣಾಗಿ
ಆ ಚಿಟಿಕೆ ಮಣ್ಣಿನಲ್ಲಿ ಈ ಸಲ
ಒಂದು ಸಸಿ, ಎರಡೇ ಎಲೆ,
ಯಾರ ಕಡೆಯೂ ವಾಲದೆ ನಿಂತಿತ್ತು.

ಇರ್ಯಾ ಅದನ್ನು ಕಿತ್ತಳು. ಸ್ಕ್ರೂಡ್ರೈವರಿನ ಮೊನೆ ಒತ್ತಿದಳು.
ಹಿಡಿಯವರೆಗೂ ಹೋಯಿತು,
ಬೆಣ್ಣೆಗೆ ಚಮಚ ಹೋದಂತೆ.

ಹಲಗೆ ಎಬ್ಬಿಸಿದರೆ ಕೆಳಗೆ ತೊಲೆ.
ತೊಲೆಗೆ ಪಾಲುಪಟ್ಟಿ ಗೊತ್ತಿಲ್ಲ,
ಇವಳ ಮೆಟ್ಟಿಲಿನಿಂದ ಅವಳ ಮೆಟ್ಟಿಲಿಗೆ
ಒಂದೇ ಮರ, ನಟ್ಟನಡುವೆ ಕರಿ ಪುಡಿ.
ಕಾರಿನ ಜಾಕ್ ತಂದಳು. ಚಪ್ಪಡಿ ಕಲ್ಲು ಇಟ್ಟಳು.
ಜಾಕ್ ತಿರುಗಿಸಲು ಒಂದು ಕೈ,
ಹೊಸ ತೊಲೆ ಒತ್ತಿ ಹಿಡಿಯಲು ಎರಡು,
ಬೋಲ್ಟಿಗೆ ಮತ್ತೆರಡು.
ಎಪ್ಪತ್ತೊಂದರ ಇರ್ಯಾ
ಕೈಗಳನ್ನು ಎರಡು ಸಲ ಎಣಿಸಿದಳು.

ಬಾಗಿಲು ಕಿರ್ರೆಂದಿತು.
ನೈಟಿಯ ಮೇಲೆ ಮೀನುಗಾರರ ಬೂಟು ಹಾಕಿಕೊಂಡು
ಲಾಹ್ಯಾ ಇಳಿದು ಬಂದಳು,
ಸೊಳ್ಳೆ ಹೊಡೆದುಕೊಳ್ಳುತ್ತ ತೊಲೆಯ ಆ ತುದಿ ಹಿಡಿದಳು.

ಮೇಲೆ.
ಎಷ್ಟು?
ಅರ್ಧ ಬೆರಳು.
ಈಗ?
ರಸಮಟ್ಟದ ಗುಳ್ಳೆ ನಡುಗುತ್ತ ಬಂದು ಗೆರೆಗಳ ಮಧ್ಯೆ ಕೂತಿತು.
ಸಾಕು.

ಏಳು ವರ್ಷದ ಮೇಲಿನ ಮಾತು ಅಷ್ಟೇ.
ಹಳೆಯ ತೊಲೆಯನ್ನು ಯಾರೂ ತೆಗೆಯಲಿಲ್ಲ;
ಕೊಳೆತದ್ದನ್ನು ಕೆರೆದು, ಅಕ್ಕಪಕ್ಕ ಹೊಸದಿಟ್ಟು ಬಿಗಿದರು,
ಆ ಕಡೆಯಿಂದ ಒಬ್ಬಳು, ಈ ಕಡೆಯಿಂದ ಒಬ್ಬಳು,
ನಟ್ಟು ಒಬ್ಬಳಲ್ಲಿ, ಸ್ಪ್ಯಾನರ್ ಇನ್ನೊಬ್ಬಳಲ್ಲಿ.

ಹದಿನಾರನೆಯದು ಈಗ ಹೊಸ ಹಲಗೆ,
ನಾದಿಟ್ಟ ಹಿಟ್ಟಿನ ಬಣ್ಣ,
ಕರಿ ಟಾರಿಗೂ ಸುಳ್ಳು ತೇಗಕ್ಕೂ ನಡುವೆ ಕಣ್ಣು ಚುಚ್ಚುತ್ತದೆ.

ಇದಕ್ಕೆ ಯಾವುದು ಬಳಿಯೋದು? ಅಂದಳು ಲಾಹ್ಯಾ.
ಏನೂ ಬೇಡ. ಹಸಿ ಮರ.
ಒಂದು ಬೇಸಿಗೆ ಒಣಗಲಿ.

ಸರಿ ಅಂದಳು. ಕಾಫಿ ತಂದಳು.
ಎರಡು ಕಪ್ಪು ತಂದಳೋ ಒಂದೋ, ನಾನು ದೋಣಿಯಿಂದ ಕಂಡದ್ದು,
ಸರಿಯಾಗಿ ಹೇಳಲಾರೆ.

ಬೆಳಿಗ್ಗೆ ಹೊಸ ಹಲಗೆಯ ಮೇಲೆ
ಕಪ್ಪಿನ ತಳದ ಉಂಗುರ, ಕಂದು ಬಣ್ಣದ್ದು.
ಇರ್ಯಾ ಉಪ್ಪುಕಾಗದ ತಂದಳು,
ಕೂತಳು, ಗೊಣಗಿದಳು, ಎರಡು ಸಲ ಉಜ್ಜಿದಳು.
ಬರೀ ಮರ.
ಆಗಲೇ ಕುಡಿದುಬಿಟ್ಟಿತ್ತು.