ಒಂಬತ್ತು ಶೆವಂತಿಯರು

ಹೊಸ ತಂತ್ರಾಂಶ ಬಂದ ಮೂರನೇ ದಿನ
ಕೊಲ್ವಾದ ನಮ್ಮ ಹೋಟೆಲಿನ ನೆಲಮಾಳಿಗೆಯಲ್ಲಿ,
ಲಾಂಡ್ರಿಯ ಹಬೆ ಗೋಡೆ ದಾಟಿ ಬರುವ ಎಚ್‌ಆರ್ ಕೋಣೆಯಲ್ಲಿ
ಪರದೆ ಕೇಳಿತು:
ಈ ಒಂಬತ್ತು ಮಂದಿ ಒಬ್ಬರೇನಾ?

ಶೆವಂತಿ ವೆಳಿಪ. ಸೇವಂತಿ ವೇಲಿಪ್.
ಎಸ್. ವೆಲೀಪ. ಒಂದು ವರ್ಷ ಬರೀ ‘ಶಾಂತಿ’;
ಅದು ನನ್ನದೇ ಕೈತಪ್ಪು, ಅವತ್ತು ಸಂಬಳದ ಗಡಿಬಿಡಿ.
ಅಕ್ಟೋಬರಿಗೊಂದು ಹೊಸ ನಂಬರು,
ಮೇ ಕೊನೆಗೆ ‘ಸೇವೆ ಮುಕ್ತಾಯ’.
ಮಳೆಗಾಲವಿಡೀ ಆಕೆ ಕೇಪೆಯ ಗುಡ್ಡದಲ್ಲಿ
ರಾಗಿ ಬೆಳೆಯುತ್ತಾಳಂತೆ.
ನಮ್ಮ ಕಡತದಲ್ಲಿ ಆಗ ಇರುವುದೇ ಇಲ್ಲ.

ಹೆಸರು ಹೇಗೋ ತಿರುಚಿಕೊಳ್ಳುತ್ತದೆ. ಹೆಬ್ಬೆರಳು?
ಒಂಬತ್ತೂ ಒಂದೇ ಸುಳಿ,
ನಾಲ್ಕನೆಯದರಿಂದ ಈಚೆಗೆ ಇಸ್ತ್ರಿ ಸುಟ್ಟ ಗೆರೆ.

‘ಕೂಡಿಸು’ ಒತ್ತಿದರೆ ಒಂಬತ್ತು ವರ್ಷ,
ಗ್ರಾಚ್ಯುಟಿ, ಖಾಯಂ, ವಕೀಲರ ಪತ್ರ.
‘ಬೇರೆ ಬೇರೆ’ ಒತ್ತಿದರೆ ಊಟಕ್ಕೆ ಹೋಗಬಹುದು.
ಪಣಜಿಯಿಂದ ಬಂದ ಸಾಹೇಬರು
ಕಾರ್ಯತಂತ್ರದ ಸ್ಲೈಡಿನಲ್ಲಿ ಇದನ್ನೇ
‘ಬಳುಕುವ ಸಿಬ್ಬಂದಿ’ ಅಂದಿದ್ದರು,
ನಾವೆಲ್ಲ ಗೋಡಂಬಿ ತಿನ್ನುತ್ತ ತಲೆಯಾಡಿಸಿದ್ದೆವು.

ಆಚೆ ಅವಳು ಚಾದರ ಕೊಡವುತ್ತಿದ್ದಳು.
ಮೂಲೆಗೆ ಮೂಲೆ ಸೇರಿಸಿ
ಮಡಿಕೆ ಎರಡು, ನಾಲ್ಕು, ಎಂಟು,
ಕೈಯಲ್ಲಿ ಮಾತ್ರ ಒಂದೇ ಚಾದರ.

ಎದ್ದು ಹೋಗಿ, ನನ್ನ ಹರಕು ಕೊಂಕಣಿಯಲ್ಲಿ,
ನಿನ್ನ ಹೆಸರು ಸರಿಯಾಗಿ ಹೇಗೆ ಬರೆಯೋದು ಅಂದೆ.
ಬಾಯಲ್ಲಿದ್ದ ಕ್ಲಿಪ್ಪು ತೆಗೆದು ನಕ್ಕಳು:
‘ನನಗೇನು ಗೊತ್ತು? ಬರೆಯೋದು ನೀನಲ್ಲವಾ?’

ಮರಳುವಷ್ಟರಲ್ಲಿ ಪರದೆ ಮಲಗಿತ್ತು.
ಎಬ್ಬಿಸಹೋದರೆ
ನನ್ನ ಹೆಬ್ಬೆರಳು ಕೇಳಿತು.